ಕೆಲಸವಿಲ್ಲದೆ ಬೆಂಗಳೂರಿಗೆ ಹೋಗಿ ಒಂದು ದಿನ ಸುಮ್ನೆ ಸುತ್ತಬೇಕು ಅಂತಿದ್ದೇನೆ. ತಲೆ ಕೆಟ್ಟಿದೆಯಾ ಅಂತೀರಾ?

ಶೆಟ್ಟಿಹಳ್ಳಿ ಗೇಟ್
ನಾನು ತುಮಕೂರಿನಲ್ಲೇ ಹುಟ್ಟಿ ಬೆಳೆದವನು. ಬೆಂಗಳೂರು ಬರೀ 70 ಕಿಲೋಮೀಟರ್. ಲೆಕ್ಕವಿಲ್ಲದಷ್ಟು ಸಲ ಹೋಗಿದ್ದೇನೆ, ಆದರೆ ಯಾವಾಗಲೂ ಏನಾದರೂ ಕೆಲಸದ ಮೇಲೆ. ಆಸ್ಪತ್ರೆ, ಮದುವೆ, ಮಗಳ ಸಿಇಟಿ ಕೌನ್ಸೆಲಿಂಗ್, ಭಾವನನ್ನು ಏರ್‌ಪೋರ್ಟಿಗೆ ಬಿಡುವುದು. ಕೆಲಸ ಮುಗಿದ ಕೂಡಲೇ ಮೆಜೆಸ್ಟಿಕ್, ಬಸ್ಸು, ಮನೆ. ಕಬ್ಬನ್ ಪಾರ್ಕ್ ನೋಡಿರುವುದೂ ಬಸ್ಸಿನ ಕಿಟಕಿಯಿಂದಲೇ.

ಈಗ ಒಂದು ಆಸೆ. ಯಾವ ಕೆಲಸವೂ ಇಲ್ಲದೆ, ಕೈಯಲ್ಲಿ ಲಿಸ್ಟ್ ಇಲ್ಲದೆ, ಬೆಳಿಗ್ಗೆ ರೈಲು ಹತ್ತಿ ಹೋಗಿ ಸಂಜೆವರೆಗೂ ಸುತ್ತಿ ಬರಬೇಕು. ಮನೆಯಲ್ಲಿ ಹೇಳಿದರೆ "ಕೆಲಸ ಇಲ್ಲದೆ ಬೆಂಗಳೂರಿಗೆ ಯಾರು ಹೋಗ್ತಾರ್ರೀ? ಅಷ್ಟು ಬಿಡುವಿದ್ದರೆ ಸಂಪ್ ಕ್ಲೀನ್ ಮಾಡಿಸಿ" ಅಂದಳು. ನೀವೇ ಹೇಳಿ, ಪ್ಲಾನ್ ಇಲ್ಲದೆ ಹೋದರೆ ದಿನವೆಲ್ಲ ಟ್ರಾಫಿಕ್‌ನಲ್ಲೇ ಹೋಗಿಬಿಡುತ್ತದಾ? ಯಾರಾದರೂ ಹೀಗೆ ಹೋಗಿದ್ದೀರಾ? ಕಾರು ಮಾತ್ರ ತೆಗೆಯಲ್ಲ.

ಸೀಸನ್ ಪಾಸ್
ಅಣ್ಣಾ, ನಾನು ದಿನಾ ಹೋಗಿ ಬರುವವನು. ನಮಗೆ ಬೆಂಗಳೂರು ಅಂದರೆ ಯಶವಂತಪುರದ ಪ್ಲಾಟ್‌ಫಾರ್ಮು, ಆಫೀಸು, ಮತ್ತೆ ಯಶವಂತಪುರದ ಪ್ಲಾಟ್‌ಫಾರ್ಮು. ಭಾನುವಾರ ಹೋಗಿ. ವಾರದ ದಿನ ಬೆಳಿಗ್ಗೆ ಬಂದು ನಮ್ಮ ಸೀಟಿನಲ್ಲಿ ಕೂರಬೇಡಿ, ಅಷ್ಟೇ ನನ್ನ ಕೋರಿಕೆ.

ಗುಬ್ಬಿ ಹುಡುಗ
ನಿಮ್ಮ ಸೀಟಾ? ಹಿಂದಿನ ಸ್ಟೇಷನ್ನಿನಲ್ಲೇ ಹತ್ತಿ ಕೂತಿರುವ ನಾವು ತುಮಕೂರು ಬಂದ ಕೂಡಲೇ ಎದ್ದು ಕೊಡಬೇಕಾ ಗುರು?

ಸೀಸನ್ ಪಾಸ್
ಅದು ಬೇರೆ ಜಗಳ. ಅದಕ್ಕೆ ಬೇರೆ ಚರ್ಚೆ ಶುರು ಮಾಡೋಣ.

ಲಿಸ್ಟ್ ಲಿಂಗಣ್ಣ
ಪ್ಲಾನ್ ಇಲ್ಲದೆ ಹೋದರೆ ಖಂಡಿತ ವೇಸ್ಟ್ ಸರ್. ನಾನು ಹೇಳ್ತೀನಿ ಕೇಳಿ. 8ಕ್ಕೆ ಲಾಲ್‌ಬಾಗ್. 9.30ಕ್ಕೆ ಗಾಂಧಿ ಬಜಾರಿನಲ್ಲಿ ದೋಸೆ. 10.30ಕ್ಕೆ ದೊಡ್ಡ ಬಸವಣ್ಣ. 12ಕ್ಕೆ ವಿಶ್ವೇಶ್ವರಯ್ಯ ಮ್ಯೂಸಿಯಂ. 2ಕ್ಕೆ ಊಟ. 3ಕ್ಕೆ ವಿಧಾನಸೌಧದ ಮುಂದೆ ಫೋಟೋ. 4ಕ್ಕೆ ಚರ್ಚ್ ಸ್ಟ್ರೀಟ್. 5.30ಕ್ಕೆ ಮಲ್ಲೇಶ್ವರಂ. 7ಕ್ಕೆ ರೈಲು.

ಕ್ಯಾತ್ಸಂದ್ರದ ತಟ್ಟೆ
ಇದು ಸುತ್ತಾಟ ಅಲ್ಲ ಲಿಂಗಣ್ಣ, ಇಲೆಕ್ಷನ್ ಡ್ಯೂಟಿ ಇದ್ದ ಹಾಗಿದೆ. ಒಂದಕ್ಕೆ ಹೋಗೋಕೂ ಟೈಮ್ ಇಟ್ಟಿಲ್ಲವಲ್ಲ.

ರಿಟೈರ್ಡ್ ಮೇಷ್ಟ್ರು
ಶೆಟ್ಟಿಹಳ್ಳಿಯವರೇ, ನನ್ನ ಮಾತು ಕೇಳಿ. ಬೆಂಗಳೂರನ್ನು ಒಂದು ದಿನದಲ್ಲಿ ನೋಡಲು ಹೋಗಬೇಡಿ, ಒಂದು ಬಡಾವಣೆ ನೋಡಿ ಸಾಕು. ಮಲ್ಲೇಶ್ವರಂ ಆದರೆ ಮಲ್ಲೇಶ್ವರಂ, ಬಸವನಗುಡಿ ಆದರೆ ಬಸವನಗುಡಿ. ಈ ಎರಡೂ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಲು ಅಳೆದು ಕಟ್ಟಿದ ಬಡಾವಣೆಗಳು, 1898ರ ಪ್ಲೇಗ್ ಬಂದ ಮೇಲೆ ಬೆಳೆದವು. ಅದಕ್ಕೇ ರಸ್ತೆ ನೇರ, ಅಡ್ಡರಸ್ತೆಗಳಿಗೆ ನಂಬರು, ಎಲ್ಲೆಲ್ಲೂ ಮರ. ದಾರಿ ತಪ್ಪಿದರೂ ಮುಂದಿನ ಕ್ರಾಸಿನಲ್ಲಿ ಸಿಕ್ಕಿಬಿಡುತ್ತದೆ. ಪ್ಲಾನ್ ಇಲ್ಲದೆ ನಡೆಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ನಮ್ಮ ತುಮಕೂರಿನವರಿಗೆ ಮಲ್ಲೇಶ್ವರಂ ಇನ್ನೂ ಸುಲಭ. ಪ್ಯಾಸೆಂಜರ್ ರೈಲು ಯಶವಂತಪುರ ಬಿಟ್ಟ ಮೇಲೆ ಮಲ್ಲೇಶ್ವರಂನಲ್ಲೇ ನಿಲ್ಲುತ್ತದೆ. ಇಳಿದು ಸಂಪಿಗೆ ರಸ್ತೆಗೆ ನಡೆದೇ ಹೋಗಬಹುದು. ಆಟೋದವರ ಹತ್ತಿರ ಚೌಕಾಸಿಯೂ ಬೇಡ. ಕಾಡು ಮಲ್ಲೇಶ್ವರನ ಗುಡಿ ನೋಡಿ. ಶಿವಾಜಿಯ ಮಲತಮ್ಮ ಏಕೋಜಿಯ ಕಾಲದ್ದು, ಹದಿನೇಳನೇ ಶತಮಾನ. ಅದರ ಎದುರಿಗೇ ನಂದಿ ತೀರ್ಥ. ತೊಂಬತ್ತರ ದಶಕದವರೆಗೆ ಅದು ಮಣ್ಣಿನಡಿ ಮುಚ್ಚಿಹೋಗಿತ್ತು. ಅಗೆದಾಗ ಕಲ್ಯಾಣಿ ಸಮೇತ ಸಿಕ್ಕಿತು. ನಂದಿಯ ಬಾಯಿಂದ ನೀರು ಸಣ್ಣಗೆ ಬಂದು ಕೆಳಗಿನ ಲಿಂಗದ ಮೇಲೆ ಬೀಳುತ್ತಲೇ ಇರುತ್ತದೆ. ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತರೂ ಏಳಿ ಅನ್ನುವವರಿಲ್ಲ.

ಮಲ್ಲೇಶ್ವರಂ ಎಂಟನೇ ಕ್ರಾಸ್
ಮೇಷ್ಟ್ರೇ, ಹೀಗೆ ಎಲ್ಲರಿಗೂ ಹೇಳಿ ನಮ್ಮ ಏರಿಯಾ ತುಂಬಿಸಿಬಿಟ್ಟಿದ್ದೀರಿ. ಭಾನುವಾರ ಸಿಟಿಆರ್ ಹೋಟೆಲ್ ಮುಂದೆ ಕ್ಯೂ ನೋಡಿದ್ದೀರಾ? ನಾವು ಅಲ್ಲೇ ಇರುವವರು ದೋಸೆ ತಿನ್ನೋಕೆ ಮಂಗಳವಾರ ಹೋಗಬೇಕು.

ಕ್ಯಾತ್ಸಂದ್ರದ ತಟ್ಟೆ
ದೋಸೆಗೆ ಕ್ಯೂ ನಿಲ್ಲೋಕೆ ಬೆಂಗಳೂರಿಗೆ ಯಾಕೆ? ನಮ್ಮೂರಿಗೆ ಬಂದು ತಟ್ಟೆ ಇಡ್ಲಿ ತಿಂದು ಹೊರಡಿ. ಹೊಟ್ಟೆ ತುಂಬಿದ್ದರೆ ಮಧ್ಯಾಹ್ನದವರೆಗೂ ಎಲ್ಲಿ ಬೇಕಾದರೂ ಅಲೆಯಬಹುದು.

ರಾಮನಗರದ ಅಳಿಯ
ತಟ್ಟೆ ಇಡ್ಲಿ ಅಂದರೆ ಬಿಡದಿ. ಬಾಕಿದ್ದೆಲ್ಲ ಸುಮ್ನೆ.

ಕ್ಯಾತ್ಸಂದ್ರದ ತಟ್ಟೆ
ಬಂತು ನೋಡಿ! ಅಳಿಯಂದಿರು ಮಾವನ ಮನೆ ಕಡೆ ಮಾತಾಡೋದು ಸಹಜ, ಕ್ಷಮಿಸಿದ್ದೇನೆ.

ಬಟವಾಡಿ ಭಾಮೆ
ಗಂಡಸರೆಲ್ಲ ಎಷ್ಟು ಸಲೀಸಾಗಿ "ಸುಮ್ನೆ ಅಲೆಯಿರಿ" ಅಂತೀರಿ! ಹೆಂಗಸರು ಹೀಗೆ ಹೊರಟರೆ ಮೊದಲು ಯೋಚಿಸೋದು ಟಾಯ್ಲೆಟ್ ಎಲ್ಲಿ ಅಂತ. ನಾನು ಒಬ್ಬಳೇ ಆಗಾಗ ಹೋಗುತ್ತೇನೆ, ಅನುಭವದ ಮೇಲೆ ಹೇಳ್ತೀನಿ. ಮೆಟ್ರೋ ಸ್ಟೇಷನ್ ಪಕ್ಕದ ಜಾಗಗಳನ್ನೇ ಹಿಡಿಯಿರಿ, ಒಳಗೆ ಟಾಯ್ಲೆಟ್ ಇರುತ್ತದೆ, ಕ್ಲೀನಾಗಿಯೂ ಇರುತ್ತದೆ. ನೀರು ಕುಡಿಯೋದು ಕಡಿಮೆ ಮಾಡಿ ತಲೆನೋವು ತಂದುಕೊಳ್ಳಬೇಡಿ.

ಬಸ್ಸಿನ ಖರ್ಚು ನಮಗಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತುಮಕೂರಿನಿಂದ ಬೆಂಗಳೂರಿಗೂ ಫ್ರೀ, ಊರೊಳಗಿನ ಬಿಎಂಟಿಸಿಯೂ ಫ್ರೀ. ಎಸಿ, ಲಕ್ಷುರಿ ಬಸ್ಸು ಬಿಟ್ಟು. ಆಧಾರ್ ಕಾರ್ಡು ಕೈಯಲ್ಲಿರಲಿ. ಯಾವ ನಂಬರಿನ ಬಸ್ಸಾದರೂ ಸರಿ, ಕಿಟಕಿ ಸೀಟು ಸಿಕ್ಕರೆ ಹತ್ತಿ ಕೂರೋದು, ಚೆನ್ನಾಗಿ ಕಾಣುವ ಕಡೆ ಇಳಿಯೋದು. ಪ್ಲಾನ್ ಇಲ್ಲದ ಸುತ್ತಾಟ ಅಂದರೆ ನನಗೆ ಇದೇ. ನೀವು ಗಂಡಸರು ಟಿಕೆಟ್ ತಗೊಳ್ಳಿ.

ಗುಬ್ಬಿ ಹುಡುಗ
ಕೊನೇ ಸಾಲು ಬೇಕಿತ್ತಾ ಅಕ್ಕ?

ಬಟವಾಡಿ ಭಾಮೆ
ಬೇಕಿತ್ತು ತಮ್ಮ.

ಸೀಸನ್ ಪಾಸ್
ಮೆಟ್ರೋ ಬಗ್ಗೆ ಒಂದು ಮಾತು. 2025ರ ಫೆಬ್ರವರಿಯಲ್ಲಿ ದರ ಏರಿಸಿದ ಮೇಲೆ ದೂರಕ್ಕೆ ಹೋದರೆ ಗರಿಷ್ಠ 90 ರೂಪಾಯಿ. ಮೊದಲು 60 ಇತ್ತು. ಹತ್ತಿಳಿದು ಹತ್ತಿಳಿದು ಮಾಡಿದರೆ ಜೇಬಿಗೆ ಗೊತ್ತಾಗುತ್ತದೆ. ಬಸ್ಸಿನಲ್ಲಿ ಹೋಗುವವರು ಮೆಜೆಸ್ಟಿಕ್‌ವರೆಗೆ ಒದ್ದಾಡಬೇಡಿ. ಹಸಿರು ಲೈನು 2024ರ ನವೆಂಬರ್‌ನಿಂದ ಮಾದಾವರದವರೆಗೆ ಬಂದಿದೆ. ಹೈವೇ ಪಕ್ಕದಲ್ಲೇ ಇಳಿದು ಮೆಟ್ರೋ ಹತ್ತಿದರೆ ಗೊರಗುಂಟೆಪಾಳ್ಯದ ಜಾಮ್ ತಲೆ ಮೇಲಿನಿಂದ ದಾಟಿಬಿಡುತ್ತೀರಿ.

ಶಿರಾ ಸೀಮೆ
ಆ ಮೆಟ್ರೋ ತುಮಕೂರಿಗೇ ಬರುತ್ತದಂತಲ್ಲ?

ಸೀಸನ್ ಪಾಸ್
ಬಂದಾಗ ನೋಡೋಣ. ಅಷ್ಟು ದೂರ ಸ್ಟೇಷನ್ ಸ್ಟೇಷನ್‌ಗೂ ನಿಂತು ಹೋಗೋ ಬದಲು ಈಗಿರುವ ಹಳಿ ಮೇಲೆ ರೈಲು ಜಾಸ್ತಿ ಬಿಟ್ಟರೆ ಸಾಕು.

ಶಿರಾ ಸೀಮೆ
ನಿಮಗೆ ರೈಲಿದೆ, ಹೇಳ್ತೀರಿ. ಶಿರಾದಲ್ಲಿ ಹಳಿಯೂ ಇಲ್ಲ.

ಬಂಗಾರಪೇಟೆ ಪಾನಿಪೂರಿ
ಕೋಲಾರ ಕಡೆಯವರಿಗೂ ಒಂದು ದಾರಿ ಹೇಳಿಬಿಡುತ್ತೇನೆ. ಬಂಗಾರಪೇಟೆ ಕಡೆಯಿಂದ ಬರುವವರು ಸಿಟಿವರೆಗೆ ರೈಲಿನಲ್ಲಿ ನೇತಾಡಬೇಕಿಲ್ಲ. ವೈಟ್‌ಫೀಲ್ಡ್‌ನಲ್ಲಿ ಇಳಿದರೆ ಪಕ್ಕದಲ್ಲೇ ಮೆಟ್ರೋ, ನೇರಳೆ ಲೈನು. ಸೀಟು ಹಿಡಿದು ಕೂತರೆ ಕಬ್ಬನ್ ಪಾರ್ಕಿಗೆ ಬಾಗಿಲಲ್ಲೇ ಇಳಿಸುತ್ತದೆ. ಭಾನುವಾರ ಪಾರ್ಕಿನೊಳಗೆ ಗಾಡಿ ಬಿಡಲ್ಲ. ಲೈಬ್ರರಿ ಹತ್ತಿರದ ಬಿದಿರು ಮೆಳೆ ಕೆಳಗೆ ಪೇಪರ್ ಹಾಸಿ ಮಲಗಿದರೆ ಸಂಜೆಯಾಗಿದ್ದೇ ಗೊತ್ತಾಗಲ್ಲ. ನಾನಂತೂ ಬೆಂಗಳೂರು ನೋಡೋಕೆ ಅಂತ ಹೋಗಿ ನಿದ್ದೆ ಮಾಡಿ ಬಂದವನು.

ಲಿಸ್ಟ್ ಲಿಂಗಣ್ಣ
ನಿದ್ದೆಗೆ ಬೆಂಗಳೂರು ಬೇಕಾ ಸರ್? ಬೆಳಿಗ್ಗೆ ಬೇಗ ಹೋಗುವವರು ಕೆ.ಆರ್. ಮಾರ್ಕೆಟ್ ನೋಡಿ. ಏಷ್ಯಾದಲ್ಲೇ ಮೊದಲು ಕರೆಂಟು ಬಂದ ಜಾಗ ಅದು.

ಕೆಜಿಎಫ್ ಮೂರನೇ ಪಾಳಿ
ನಿಲ್ಲಿ ನಿಲ್ಲಿ. ಶಿವನಸಮುದ್ರದ ಕರೆಂಟು ಮೊದಲು ಬಂದಿದ್ದು ನಮ್ಮೂರಿಗೆ, 1902ರಲ್ಲಿ. ಚಿನ್ನದ ಗಣಿಗೆ ಅಂತ ಸುಮಾರು 147 ಕಿಲೋಮೀಟರ್ ಲೈನ್ ಎಳೆದಿದ್ದರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ, ನಮ್ಮದಾದ ಮೇಲೆ. ಮಾರ್ಕೆಟ್ಟಿನ ಆ ಕಟ್ಟಡ ಎದ್ದಿದ್ದು 1920ರ ದಶಕದಲ್ಲಿ. ಎಲ್ಲ ರೀಲ್ಸ್‌ನಲ್ಲೂ ಇದೇ ಮಾತು ಓಡುತ್ತಿದೆ, ಒಬ್ಬರೂ ಕೋಲಾರದ ಹೆಸರೆತ್ತಲ್ಲ.

2001ರಲ್ಲಿ ಗಣಿ ಮುಚ್ಚಿದ ಮೇಲೆ ನಮ್ಮೂರಿನ ಅರ್ಧ ಜನ ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಬರುತ್ತಾರೆ. ಅವರನ್ನು ಕೇಳಿ ನೋಡಿ, "ಸುಮ್ನೆ ಒಂದು ದಿನ ಬೆಂಗಳೂರು ಸುತ್ತೋಣ ಬಾ" ಅಂತ. ಹೊಡೆಯೋಕೆ ಬರುತ್ತಾರೆ.

ಲಿಸ್ಟ್ ಲಿಂಗಣ್ಣ
ಸರಿ ಸರ್, ಕರೆಂಟು ನಿಮ್ಮದೇ. ಮಾರ್ಕೆಟ್ ನೋಡಬಹುದು ತಾನೇ?

ಚಿಂತಾಮಣಿ ಅಕ್ಕ
ಮಾರ್ಕೆಟ್ ವಿಷಯ ನನಗೆ ಬಿಡಿ. ನಮ್ಮ ಮನೆಯವರು ಚಿಕ್ಕಬಳ್ಳಾಪುರ ಕಡೆಯಿಂದ ಸೇವಂತಿಗೆ ಹಾಕಿಕೊಂಡು ರಾತ್ರಿ ಗಾಡಿಯಲ್ಲಿ ಹೋಗುತ್ತಾರೆ. ನಾನೂ ಎಷ್ಟೋ ಸಲ ಜೊತೆಗೆ ಹೋಗಿದ್ದೇನೆ. ನಿಜವಾದ ಮಾರ್ಕೆಟ್ ಬೆಳಗಿನ ಜಾವ ನಾಲ್ಕರಿಂದ. ಮೂಟೆ ಬಿಚ್ಚಿ ಹೂವು ಸುರಿದರೆ ಸೊಂಟದೆತ್ತರ ರಾಶಿ. ವ್ಯಾಪಾರಿ ಕೈ ಒಳಗೆ ಹಾಕಿ ತಳದಿಂದ ಒಂದು ಹಿಡಿ ಎತ್ತುತ್ತಾನೆ. ಮೇಲಿನ ಹೂವು ಎಲ್ಲರದ್ದೂ ಚೆನ್ನಾಗಿರುತ್ತದೆ, ಬೆಲೆ ಕಟ್ಟೋದು ತಳದ ಹೂವು ನೋಡಿ. ಒದ್ದೆ ಇದ್ದರೆ ಮುಖ ಸಿಂಡರಿಸಿ ಅರ್ಧ ರೇಟು ಹೇಳುತ್ತಾನೆ. ಹಿಂದಿನ ರಾತ್ರಿ ಮಳೆ ಬಂದರೆ ನಾವು ಮನೆಯಿಂದ ಹೊರಡುವಾಗಲೇ ರೇಟು ಹೋಯಿತು ಅಂದುಕೊಂಡಿರುತ್ತೇವೆ.

ತುಮಕೂರಿನಿಂದ ರೈಲಿಗೆ ಬರುವವರಿಗೆ ಅದು ಸಿಗಲ್ಲ. ನೀವು ಬರೋ ಹೊತ್ತಿಗೆ ಚಿಲ್ಲರೆ ವ್ಯಾಪಾರ ನಡೆಯುತ್ತಿರುತ್ತದೆ. ಅದೂ ಚೆಂದವೇ. ಚಪ್ಪಲಿ ಬೇಡ, ಶೂ ಹಾಕಿ. ನೆಲ ಪೂರ್ತಿ ದಂಟು, ನೀರು, ಜಾರುತ್ತದೆ. ತಲೆ ಮೇಲೆ ಮೂಟೆ ಹೊತ್ತವರು "ದಾರಿ, ದಾರಿ" ಅಂತ ಬಂದರೆ ಮೊಬೈಲ್ ಇಳಿಸಿ ಪಕ್ಕಕ್ಕೆ ನಿಲ್ಲಿ. ಅವರು ನಿಲ್ಲಲ್ಲ, ನಿಲ್ಲೋಕೂ ಆಗಲ್ಲ.

ತಿಪಟೂರು ಕೊಬ್ಬರಿ
ಅಕ್ಕ, ಇದು ಓದಿದ ಮೇಲೆ ರಾತ್ರಿ ಬಸ್ಸಿಗೆ ಹೋಗಿ ನಾಲ್ಕಕ್ಕೇ ನಿಲ್ಲೋಣ ಅನ್ನಿಸುತ್ತಿದೆ.

ಚಿಂತಾಮಣಿ ಅಕ್ಕ
ಬನ್ನಿ. ಚಳಿಗೆ ಸ್ವೆಟರ್ ತನ್ನಿ.

ರಿಟೈರ್ಡ್ ಮೇಷ್ಟ್ರು
ಮಾರ್ಕೆಟ್‌ನಿಂದ ಅವೆನ್ಯೂ ರೋಡು ಹತ್ತಿರ. ಹಳೇ ಪುಸ್ತಕ ಬೇಕಾದವರು ಮರೆಯಬೇಡಿ. ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ ಕೂಡ. ಆತಕೂರಿನ ಕಲ್ಲು ಅಲ್ಲಿದೆ, ಕ್ರಿ.ಶ. 949ರ ಸುಮಾರಿನದು. ಕಾಳಿ ಅನ್ನುವ ಬೇಟೆನಾಯಿ ಕಾಡುಹಂದಿಯ ಜೊತೆ ಹೋರಾಡಿ ಎರಡೂ ಸತ್ತವು. ಆ ನಾಯಿಗೆ ಹಾಕಿಸಿದ ಕಲ್ಲು. ಹಂದಿಯೂ ನಾಯಿಯೂ ಕಚ್ಚಾಡುವುದನ್ನು ಮೇಲೆ ಕೆತ್ತಿದ್ದಾರೆ, ಸುತ್ತ ಹಳಗನ್ನಡದ ಅಕ್ಷರ. ರಾಜರ ಯುದ್ಧದ ವಿಷಯವೂ ಅದೇ ಕಲ್ಲಿನಲ್ಲಿದೆ, ಆದರೆ ನೋಡುವವರ ಕಣ್ಣು ಹೋಗೋದು ನಾಯಿ ಮೇಲೇ. ಸೋಮವಾರ ರಜೆ. ರಿಪೇರಿ ಅಂತ ಆಗಾಗ ಬಾಗಿಲು ಹಾಕುತ್ತಾರೆ, ವಿಚಾರಿಸಿಕೊಂಡು ಹೋಗಿ.

ಗುಬ್ಬಿ ಹುಡುಗ
ನಾಟಕದ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆಯವರು ನಾವು, 1884ರಲ್ಲಿ. ಸಂಜೆಗೆ ರಂಗಶಂಕರಕ್ಕೆ ಹೋಗಿ. ತಡವಾದರೆ ಒಳಗೆ ಬಿಡಲ್ಲ, ಯಾರೇ ಆಗಿರಲಿ. ಪ್ಲಾನ್ ಇಲ್ಲದ ದಿನದಲ್ಲಿ ಇದೊಂದಕ್ಕೆ ಮಾತ್ರ ಗಡಿಯಾರ ನೋಡಬೇಕು. ರಾತ್ರಿ ಪ್ರದರ್ಶನ ನೋಡಿದರೆ ತುಮಕೂರಿಗೆ ವಾಪಸ್ ಬರೋದು ಕಷ್ಟ. ಭಾನುವಾರ ಮಧ್ಯಾಹ್ನದ ಪ್ರದರ್ಶನ ಇದೆಯಾ ನೋಡಿಕೊಳ್ಳಿ.

ಶಿರಾ ಸೀಮೆ
ನೀವೆಲ್ಲ ಸೇರಿ ಆ ಮನುಷ್ಯನಿಗೆ ಲಿಂಗಣ್ಣನ ಲಿಸ್ಟಿಗಿಂತ ಉದ್ದದ ಲಿಸ್ಟ್ ಕೊಟ್ಟಿದ್ದೀರಿ. ಅವರು ಕೇಳಿದ್ದು ಪ್ಲಾನ್ ಇಲ್ಲದೆ ಹೋಗಬಹುದಾ ಅಂತ.

ಲಿಸ್ಟ್ ಲಿಂಗಣ್ಣ
ಥ್ಯಾಂಕ್ಸ್ ಶಿರಾ.

ಬಟವಾಡಿ ಭಾಮೆ
ಶಿರಾ ಹೇಳಿದ್ದು ಸರಿ. ಅಣ್ಣಾ, ಎರಡೇ ವಿಷಯ ಮೊದಲೇ ನೋಡಿಕೊಳ್ಳಿ. ಇಳಿಯೋ ಸ್ಟೇಷನ್ ಯಾವುದು, ವಾಪಸ್ ಬರೋ ಗಾಡಿ ಎಷ್ಟು ಹೊತ್ತಿಗೆ. ನಡುವಿನದ್ದು ನಿಮ್ಮ ಕಾಲಿಗೆ ಬಿಡಿ. ಮತ್ತೆ ಪವರ್ ಬ್ಯಾಂಕ್.

ಶೆಟ್ಟಿಹಳ್ಳಿ ಗೇಟ್
ಭಾನುವಾರ ಹೋಗಿ ಬಂದೆ! ಎಲ್ಲರಿಗೂ ನಮಸ್ಕಾರ.

ಮೇಷ್ಟ್ರು ಹೇಳಿದಂತೆ ಮಲ್ಲೇಶ್ವರಂನಲ್ಲಿ ಇಳಿದೆ. ನಂದಿ ತೀರ್ಥದ ಮೆಟ್ಟಿಲ ಮೇಲೆ ಕೂತೆ. ಸಿಟಿಆರ್ ಮುಂದಿನ ಕ್ಯೂ ನೋಡಿ, ಎಂಟನೇ ಕ್ರಾಸಿನವರ ನೆನಪಾಗಿ, ಪಕ್ಕದ ರಸ್ತೆಯ ಚಿಕ್ಕ ಹೋಟೆಲಿನಲ್ಲಿ ಖಾರಾಬಾತ್ ತಿಂದೆ. ಅಲ್ಲಿಂದ ಎಲ್ಲಿಗೆ ಅಂತ ಗೊತ್ತಿರಲಿಲ್ಲ. ಮೆಟ್ರೋ ಹತ್ತಿ ಲಾಲ್‌ಬಾಗ್‌ನಲ್ಲಿ ಇಳಿದೆ. ಗಾಜಿನ ಮನೆ ಕಡೆ ಜನ ಜಾಸ್ತಿ ಇದ್ದರು, ಬಂಡೆ ಹತ್ತಿದೆ. 300 ಕೋಟಿ ವರ್ಷದ ಬಂಡೆ ಅಂತ ಬೋರ್ಡು ಹಾಕಿದ್ದಾರೆ. ಮೇಲೆ ಕೆಂಪೇಗೌಡರ ಗೋಪುರ. ಒಂದು ಕಾಲಕ್ಕೆ ಊರು ಇಲ್ಲಿಗೇ ಮುಗಿಯುತ್ತಿತ್ತು ಅಂದುಕೊಂಡು ಸುತ್ತ ತಿರುಗಿ ನೋಡಿದರೆ ನಾಲ್ಕು ದಿಕ್ಕಿಗೂ ಕಟ್ಟಡ.

ಗೇಟಿನ ಹೊರಗೆ ಕಡಲೆಕಾಯಿ ಮಾರುವವರ ಹತ್ತಿರ ನಿಂತೆ. ಪೊಟ್ಟಣ ಕಟ್ಟುತ್ತಾ ಯಾವೂರು ಅಂದರು. ತುಮಕೂರು ಅಂದೆ. ನಾನು ಪಾವಗಡ ಅಂದರು! ಅಷ್ಟೇ, ಪಕ್ಕದಲ್ಲಿ ಸ್ಟೂಲ್ ಹಾಕಿದರು. ಜಮೀನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟಿದ್ದಾರಂತೆ, ವರ್ಷಕ್ಕೆ ಇಷ್ಟು ಅಂತ ಬರುತ್ತದೆ. ಮನೆಯಲ್ಲಿ ಕೂತರೆ ಹೊತ್ತು ಹೋಗಲ್ಲ ಅಂತ ಮಗನ ಜೊತೆ ಬಂದು ಈ ವ್ಯಾಪಾರ. "ನಮ್ಮ ಹೊಲದಲ್ಲಿ ಬೆಳೀತಿದ್ದಿದ್ದೂ ಇದೇ ಕಾಯಿ, ಈಗ ಕೊಂಡು ಮಾರ್ತೀನಿ" ಅಂತ ನಕ್ಕರು. ನನಗೆ ಏನು ಹೇಳೋದು ಅಂತ ತಿಳಿಯಲಿಲ್ಲ. ಗಿರಾಕಿ ಬಂದಾಗ ಒಂದೆರಡು ಪೊಟ್ಟಣ ನಾನೇ ಕಟ್ಟಿಕೊಟ್ಟೆ. ಬಿಸಿಲು ಇಳಿಯುವವರೆಗೂ ಅಲ್ಲೇ ಇದ್ದೆ. ಕಬ್ಬನ್ ಪಾರ್ಕೂ ಇಲ್ಲ, ಮ್ಯೂಸಿಯಮ್ಮೂ ಇಲ್ಲ.

ಲಿಸ್ಟ್ ಲಿಂಗಣ್ಣ
ಪಾವಗಡದವರ ಜೊತೆ ಮಾತಾಡೋಕೆ ಬೆಂಗಳೂರಿಗೆ ಹೋದ್ರಾ ಸರ್? ಇಲ್ಲಿಂದ ಪಾವಗಡಕ್ಕೇ ಬಸ್ಸಿದೆ!

ಬಂಗಾರಪೇಟೆ ಪಾನಿಪೂರಿ
ನಿದ್ದೆಗಿಂತ ವಾಸಿ.

ಪಾವಗಡ ಬಿಸಿಲು
ಆ ಸೋಲಾರ್ ವಿಷಯ ನಮ್ಮ ಕಡೆ ದೊಡ್ಡ ಚರ್ಚೆ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಅಂತ ಶುರುವಾಯಿತು. ಮಳೆ ನಂಬಿ ಕಡಲೆಕಾಯಿ ಹಾಕಿ ಕೈ ಸುಟ್ಟುಕೊಂಡವರಿಗೆ ಅದು ದೊಡ್ಡ ದುಡ್ಡೇ. ಆದರೆ ಅದು ಬರೋದು ಜಮೀನು ಇದ್ದವರಿಗೆ. ಅದೇ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದವರು ಏನು ಮಾಡಬೇಕು? ಅವರೂ ಬೆಂಗಳೂರು ಬಸ್ಸೇ ಹತ್ತಿದ್ದಾರೆ. ಅವರನ್ನು ಯಾವ ಗೇಟಿನ ಹತ್ತಿರ ಹುಡುಕುತ್ತೀರಿ?

ಕೆಜಿಎಫ್ ಮೂರನೇ ಪಾಳಿ
ಕಟ್ಟಡದ ಕೆಲಸ ನಡೆಯುವ ಕಡೆ ಸಿಗುತ್ತಾರೆ. ನಮ್ಮವರೂ ಅಲ್ಲೇ.

ಮಲ್ಲೇಶ್ವರಂ ಎಂಟನೇ ಕ್ರಾಸ್
ಶೆಟ್ಟಿಹಳ್ಳಿಯವರೇ, ಕ್ಯೂ ಬಿಟ್ಟು ಹೋಗಿದ್ದಕ್ಕೆ ಧನ್ಯವಾದ. ಖಾರಾಬಾತ್ ಹೇಗಿತ್ತು?

ಶೆಟ್ಟಿಹಳ್ಳಿ ಗೇಟ್
ಚೆನ್ನಾಗಿತ್ತು. ಹೆಸರು ಹೇಳಲ್ಲ, ಅಲ್ಲೂ ಕ್ಯೂ ಆಗುತ್ತದೆ.

ತಿಪಟೂರು ಕೊಬ್ಬರಿ
ಕಡಲೆಕಾಯಿ ಅಂದಿರಿ, ನೆನಪಾಯಿತು. ಬಸವನಗುಡಿ ಪರಿಷೆಗೆ ಯಾರಾದರೂ ಬರುತ್ತೀರಾ? ಕಾರ್ತಿಕದ ಕೊನೇ ಸೋಮವಾರ.

ಗುಬ್ಬಿ ಹುಡುಗ
ಸೋಮವಾರ ರಜೆ ಯಾರು ಕೊಡ್ತಾರೆ ಗುರು?

ರಿಟೈರ್ಡ್ ಮೇಷ್ಟ್ರು
ಅಂಗಡಿಗಳು ಮೊದಲೇ ಬಂದಿರುತ್ತವೆ, ಹಿಂದಿನ ದಿನ ಹೋಗಬಹುದು. ಭಾನುವಾರ ನಾನೂ ಬರುತ್ತೇನೆ. ಬೆಳಗಿನ ರೈಲು.

ಸೀಸನ್ ಪಾಸ್
ಭಾನುವಾರ ತಾನೇ? ಹಾಗಾದರೆ ನನ್ನ ಸೀಟಿನಲ್ಲಿ ಕೂತುಕೊಳ್ಳಿ ಮೇಷ್ಟ್ರೇ, ಎಡಗಡೆ ಕಿಟಕಿ.

ಗುಬ್ಬಿ ಹುಡುಗ
ಅಲ್ಲಿ ನಾನು ಕೂತಿರ್ತೀನಿ.